“ಕಾಣದಿದ್ದರೆ?”

ಮಂಗಳವಾರದ ಗ್ರೂಪ್ ಮೀಟಿಂಗಿನಲ್ಲಿ ಪಿಎಚ್‌ಡಿ ಹುಡುಗನೊಬ್ಬ ತನ್ನ ಹೊಸ ಪ್ರಯೋಗದ ಯೋಜನೆ ಮುಂದಿಟ್ಟ. ನಿಯೋಬಿಯಂ ಡೈಸೆಲೆನೈಡ್ ಹರಳನ್ನು ಪೀಜೋ (ವೋಲ್ಟೇಜ್ ಕೊಟ್ಟರೆ ಹಿಗ್ಗಿ ಕುಗ್ಗುವ ತುಂಡು) ಮೇಲೆ ಅಂಟಿಸಿ ಎಳೆಯುವುದು, 20 ಮಿಲಿಕೆಲ್ವಿನ್‌ಗೆ ಇಳಿಸುವುದು, ಅಂದರೆ ಪರಮ ಶೂನ್ಯದ ಹತ್ತಿರಕ್ಕೆ ತಣಿಸುವುದು, ಕರೆಂಟಿಗೆ ಹರಳು ಒಡ್ಡುವ ತಡೆ, ರೆಸಿಸ್ಟೆನ್ಸ್, ಅಳೆಯುವುದು.

“ಹೊಸದೇನಾದ್ರೂ ಕಾಣಬಹುದು ಮೇಡಂ.”

“ಕಾಣದಿದ್ರೆ?”

ಹುಡುಗ ಮುಂದಿನ ಸ್ಲೈಡಿಗೆ ಹೋದ. “ಅಲ್ಲಪ್ಪಾ, ಕಾಣದಿದ್ರೆ ಏನು ಬರೀತೀಯ?”

ಮೇಡಂ ಮಾತು ಒರಟು, ನಿಜ. ಹುಡುಗನ ಕೈಯೋ ಬಂಗಾರ. ಕೂದಲಿಗಿಂತ ಸಣ್ಣ ಚಿನ್ನದ ತಂತಿಯನ್ನು ಸಿಲ್ವರ್ ಪೇಸ್ಟಿನಲ್ಲಿ ಕೂರಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಅವನ ಹಾಳೆಯಲ್ಲಿ ಉಪಕರಣವಿತ್ತು, ಪ್ರಶ್ನೆ ಇರಲಿಲ್ಲ. 1911ರಲ್ಲಿ ಡಚ್ ವಿಜ್ಞಾನಿ ಓನ್ಸ್ ಪಾದರಸ ತಣಿಸಿದಾಗ, ತೀರಾ ಚಳಿಯಲ್ಲಿ ಲೋಹದ ರೆಸಿಸ್ಟೆನ್ಸ್ ಸೊನ್ನೆಗಿಳಿಯುತ್ತದೋ, ಒಂದು ಮಟ್ಟದಲ್ಲಿ ನಿಲ್ಲುತ್ತದೋ, ಮತ್ತೆ ಏರುತ್ತದೋ ಎಂಬ ವಾದ ಮೊದಲೇ ಇತ್ತು. ಯಾವುದು ಬಂದರೂ ಬರೆಯಲು ವಿಷಯವಿತ್ತು.

ಈ ಹರಳಿನಲ್ಲಿ 33 ಕೆಲ್ವಿನ್‌ಗೆ ಚಾರ್ಜ್ ಡೆನ್ಸಿಟಿ ವೇವ್ (ಎಲೆಕ್ಟ್ರಾನುಗಳು ಅಲೆಯಂತೆ ಸಾಲುಗಟ್ಟುವ ಸ್ಥಿತಿ), 7.2ಕ್ಕೆ ಸೂಪರ್‌ಕಂಡಕ್ಟಿವಿಟಿ (ರೆಸಿಸ್ಟೆನ್ಸೇ ಇಲ್ಲದ ಸ್ಥಿತಿ) ಶುರು. ಎರಡೂ ಒಂದೇ ಎಲೆಕ್ಟ್ರಾನುಗಳಿಗೆ ಕಿತ್ತಾಡುತ್ತಿದ್ದರೆ, ಎಳೆದಾಗ ಒಂದರ ತಾಪಮಾನ ಇಳಿದು ಇನ್ನೊಂದರದ್ದು ಏರಬೇಕು. ಎರಡೂ ಒಟ್ಟಿಗೆ ಸರಿದರೆ ಆ ಜಗಳದ ಕಥೆಯೊಂದೇ ಸಾಲದು. ಹಾಗಾದರೆ 20 ಮಿಲಿಕೆಲ್ವಿನ್ ಯಾಕೆ? ನೋಡಬೇಕಾದ್ದೆಲ್ಲ 4 ಕೆಲ್ವಿನ್‌ಗಿಂತ ಮೇಲೇ ಇದೆ. ಸುಮಾರು 1.5 ಮಿಲಿಓಮ್ ಹರಳಿಗೆ 1 ಮಿಲಿಆಂಪ್ ಕೊಟ್ಟರೆ 1.5 ಮೈಕ್ರೋವೋಲ್ಟ್ ಸಿಗುತ್ತದೆ, ಸಣ್ಣ ಸಿಗ್ನಲ್ ಅಳೆಯುವ ಲಾಕ್‌ಇನ್ ಉಪಕರಣಕ್ಕೆ ಧಾರಾಳ. ತಂತಿ ಹರಳಿಗೆ ಕೂಡುವ 1 ಓಮ್ ಕಾಂಟ್ಯಾಕ್ಟಿನಲ್ಲಿ ಹುಟ್ಟುವ 1 ಮೈಕ್ರೋವಾಟ್ ಬಿಸಿ 7 ಕೆಲ್ವಿನ್‌ನಲ್ಲಿ ಲೆಕ್ಕಕ್ಕಿಲ್ಲ. 20 ಮಿಲಿಕೆಲ್ವಿನ್‌ನಲ್ಲಿ ಅಷ್ಟೇ ಬಿಸಿ ಹರಳನ್ನು ಕಾಯಿಸಿಬಿಡುತ್ತದೆ. ಥರ್ಮಾಮೀಟರ್ ದೂರದ ತಾಮ್ರದ ತಟ್ಟೆ ಮೇಲಿದ್ದರೆ ಅದು ಗೊತ್ತೂ ಆಗುವುದಿಲ್ಲ.

ಇನ್ನು, ಎರಡೂ ಕದಲದಿದ್ದರೆ? ಅದೂ ಉತ್ತರವೇ, ಎಳೆತ ಹರಳಿಗೆ ಮುಟ್ಟಿದೆ ಎಂದು ತೋರಿಸಿದರೆ. ಪದರ ಪದರದ ಹರಳು ಇದು, ಇಸ್ಪೀಟು ಕಟ್ಟಿನ ಹಾಗೆ. ಕೆಳಗಿನ ಪದರವನ್ನು ಎಪಾಕ್ಸಿ ಅಂಟು ಎಳೆದರೂ ಮೇಲಿನವು ಜಾರಿ ಸುಮ್ಮನಿರಬಹುದು. ಎಪಾಕ್ಸಿ ದಪ್ಪಗಿದ್ದರೆ ಅದೇ ಹಿಗ್ಗಿಕೊಂಡು ಹರಳಿಗೆ ಎಳೆತವನ್ನು ಪೂರ್ತಿ ದಾಟಿಸುವುದಿಲ್ಲ. ಪಕ್ಕದಲ್ಲಿ ಅಂಟಿಸಿದ, ಎಳೆತ ಅಳೆಯುವ ಸ್ಟ್ರೇನ್ ಗೇಜ್ ಪೀಜೋದ ಸುದ್ದಿ ಹೇಳುತ್ತದೆ, ಹರಳಿನದ್ದಲ್ಲ. ಹರಳು ತೆಳ್ಳಗಿರಬೇಕು, ಎಳೆದ ಸ್ಥಿತಿಯಲ್ಲೇ ಎಕ್ಸ್‌ರೇ ಹಾಯಿಸಿ ಮೇಲ್ಮೈಯಲ್ಲಿ ಪರಮಾಣುಗಳ ಅಂತರ ಅಳೆಯಬೇಕು. ಎಳೆದು, ಬಿಟ್ಟು, ಒತ್ತಿಯೂ ನೋಡಬೇಕು. ಗೇಜ್ ಸೊನ್ನೆಗೆ ಬಂದಾಗ 7.2 ತನ್ನ ಜಾಗಕ್ಕೆ ಮರಳದಿದ್ದರೆ ಹರಳು ಜಾರಿದೆ, ಇಲ್ಲವೇ ಬಿರುಕು ಬಿಟ್ಟಿದೆ.

ಶುಕ್ರವಾರ ಹೊಸ ಪ್ರತಿ ಬಂತು. 20 ಮಿಲಿಕೆಲ್ವಿನ್ ಹೋಗಿದೆ, ಮೂರು ಫಲಿತಾಂಶಗಳಿಗೆ ಮೂರು ಗ್ರಾಫ್ ಕೈಯಲ್ಲೇ ಗೀಚಿದ್ದಾನೆ. ಮಾರ್ಜಿನ್‌ನಲ್ಲಿ ಮೇಡಂ ಕೆಂಪು ಶಾಯಿ: “ಎಪಾಕ್ಸಿ ಎಷ್ಟು ಮೈಕ್ರಾನ್?”