ಫೇರಿಂಗ್ ಮೇಲಿನ ಜಾಗ: ಬೈಕ್ ರೇಸರ್ ಮತ್ತು ಪ್ರಾಯೋಜಕರ ಲೆಕ್ಕ

ಪ್ರಾಯೋಜಕರಿಗೆ ಬರೆಯುವ ಮೊದಲ ಪತ್ರದಲ್ಲಿ ಹೆಚ್ಚಿನ ರೇಸರ್‌ಗಳು ತಮ್ಮ ಕನಸಿನ ಬಗ್ಗೆ ಎರಡು ಪುಟ ಬರೆಯುತ್ತಾರೆ. ಓದುವವರು ಹುಡುಕುವುದು ಬೇರೆ: ಯಾವ ಚಾಂಪಿಯನ್‌ಷಿಪ್, ಯಾವ ಕ್ಲಾಸ್, ಎಷ್ಟು ರೌಂಡ್ (ರೇಸ್ ವಾರಾಂತ್ಯ), ಏನು ಬೇಕು, ಕೊಟ್ಟರೆ ನಮ್ಮ ಹೆಸರು ಎಲ್ಲಿ ಕಾಣುತ್ತದೆ. ಇಷ್ಟಕ್ಕೂ ಉತ್ತರ ಒಂದೇ ಪುಟದಲ್ಲಿ ಸಿಗಬೇಕು. ‘ಏನು ಬೇಕು’ ಅನ್ನುವಲ್ಲೇ ಬಹಳ ಜನ ತಡವರಿಸುತ್ತಾರೆ. ಒಂದು ರೇಸ್ ವಾರಾಂತ್ಯ ಎಷ್ಟು ಸಾಮಾನು ನುಂಗುತ್ತದೆ ಎಂದು ಅವರೇ ಕೂತು ಎಣಿಸಿರುವುದಿಲ್ಲ.

ಎಣಿಸಿ ನೋಡೋಣ. 600 ಸಿಸಿ ಬೈಕ್, ಒಂದು ದಿನ ಪ್ರಾಕ್ಟೀಸ್, ಒಂದು ಕ್ವಾಲಿಫೈಯಿಂಗ್, ಎರಡು ರೇಸ್ ಅಂದುಕೊಳ್ಳಿ. ಹಿಂದಿನ ಟೈರ್ ಎರಡರಿಂದ ಮೂರು, ಮುಂದಿನದು ಒಂದರಿಂದ ಎರಡು ಬೇಕಾಗುತ್ತವೆ. ಬೈಕ್ ಇನ್ನೂ ವಾಲಿರುವಾಗಲೇ ಥ್ರಾಟಲ್ ತೆರೆಯುವುದರಿಂದ ಹಿಂದಿನ ಟೈರೇ ಮೊದಲು ಸೋಲುತ್ತದೆ. ಮೇಲೆ ರಬ್ಬರ್ ಉಳಿದಿದೆ ಎಂದು ನಂಬಬೇಡಿ. ಟೈರ್ ಕಾದು ಪೂರ್ತಿ ತಣಿದ ಪ್ರತಿ ಸಲವೂ ರಬ್ಬರ್ ಸ್ವಲ್ಪ ಗಡಸಾಗುತ್ತದೆ, ಹಿಡಿತ ಇಳಿಯುತ್ತದೆ. ಅದಕ್ಕೇ ವಾರ್ಮರ್ (ಟೈರಿಗೆ ಸುತ್ತುವ ಕರೆಂಟ್ ಕಂಬಳಿ) ಹೊದಿಸಿ ಸುಮಾರು 80 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸುವುದು, ಮುಂದಿನ ಸೆಷನ್ ಬೇಗ ಇದ್ದರೆ ನಡುವೆ ತಣಿಯಲು ಬಿಡದಿರುವುದು. ಪಿಟ್‌ನಲ್ಲಿ ಕರೆಂಟ್ ಇಲ್ಲದಿದ್ದರೆ ವಾರ್ಮರ್‌ಗೆ ಜನರೇಟರ್, ಜನರೇಟರ್‌ಗೆ ಪೆಟ್ರೋಲ್. ಈ ಸಣ್ಣ ಖರ್ಚು ಪಟ್ಟಿಯಲ್ಲಿ ಸದಾ ಬಿಟ್ಟುಹೋಗುತ್ತದೆ.

ಬ್ರೇಕ್ ಪ್ಯಾಡ್ 2 ಮಿಲಿಮೀಟರ್‌ಗೆ ಬರುವ ಮೊದಲೇ ಬದಲಿಸಿ. ಪ್ಯಾಡ್ ತೆಳುವಾದಷ್ಟೂ ಡಿಸ್ಕಿನ ಬಿಸಿ ಬೇಗ ಪ್ಯಾಡನ್ನು ಒತ್ತುವ ಕ್ಯಾಲಿಪರ್‌ಗೆ, ಅಲ್ಲಿಂದ ಬ್ರೇಕ್ ಫ್ಲೂಯಿಡ್‌ಗೆ ಹೋಗುತ್ತದೆ. ಫ್ಲೂಯಿಡ್ ಗಾಳಿಯ ತೇವ ಹೀರಿಕೊಂಡಿದ್ದರೆ ಬೇಗ ಕುದಿಯುತ್ತದೆ, ಲಿವರ್ ಹ್ಯಾಂಡಲ್ ತನಕ ಬಂದುಬಿಡುತ್ತದೆ. ಪ್ರತಿ ರೌಂಡಿಗೆ ಮೊದಲು ಬ್ಲೀಡ್ ಮಾಡುವುದು, ಅಂದರೆ ಹಳೆಯ ಫ್ಲೂಯಿಡ್ ಮತ್ತು ಗಾಳಿಯನ್ನು ಹೊರತೆಗೆಯುವುದು ಇದಕ್ಕೇ. ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಒಂದು ಅಥವಾ ಎರಡು ರೌಂಡಿಗೊಮ್ಮೆ. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಮುಂದಿನವು ಎರಡು, ಹಿಂದಿನವು ನಾಲ್ಕೈದು ಅಳತೆ ಜೊತೆಗಿರಲಿ. ಮುಂದೆ ಒಂದು ಹಲ್ಲು ಬದಲಿಸುವುದು ಹಿಂದೆ ಸರಿಸುಮಾರು ಮೂರು ಹಲ್ಲು ಬದಲಿಸಿದಂತೆ, ಹಾಗಾಗಿ ಸಣ್ಣ ಹೊಂದಾಣಿಕೆಗೆ ಹಿಂದಿನವೇ ಬೇಕು.

ಬಿದ್ದಾಗ ಬೇಕಾಗುವ ಪೆಟ್ಟಿಗೆಯದು ಪ್ರತ್ಯೇಕ ಲೆಕ್ಕ. ಬೈಕ್ ಜಾರಿ ಪಕ್ಕಕ್ಕೆ ಬಿದ್ದರೆ ಆ ಬದಿಯ ಕ್ಲಿಪ್-ಆನ್ (ಹ್ಯಾಂಡಲ್), ಲಿವರ್, ಫುಟ್‌ಪೆಗ್, ಎಡಕ್ಕಾದರೆ ಗೇರ್ ಲಿವರ್, ಬಲಕ್ಕಾದರೆ ಬ್ರೇಕ್ ಪೆಡಲ್, ಜೊತೆಗೆ ಎಂಜಿನ್ ಕವರ್. ಇವಿದ್ದರೆ ಮುಂದಿನ ಸೆಷನ್ನಿಗೆ ಬೈಕ್ ಸಿದ್ಧ. ಹೈಸೈಡ್ ಆಗಿ, ಅಂದರೆ ಜಾರಿದ ಹಿಂದಿನ ಟೈರ್ ಥಟ್ಟನೆ ಹಿಡಿತ ಕಂಡು ಬೈಕ್ ಪಲ್ಟಿ ಹೊಡೆದರೆ ಸಬ್‌ಫ್ರೇಮ್ (ಸೀಟಿನ ಕೆಳಗಿನ ಚೌಕಟ್ಟು), ರೇಡಿಯೇಟರ್, ಡ್ಯಾಶ್, ವಿಂಡ್‌ಸ್ಕ್ರೀನ್ ಎಲ್ಲವೂ ಹೋಗಬಹುದು. ಎಷ್ಟೇ ನಿಪುಣನಾಗಲಿ, ಸೀಸನ್ನಿಗೆ ಎರಡಾದರೂ ಬೀಳುವಿಕೆಯನ್ನು ಬಜೆಟ್‌ನಲ್ಲಿ ಬರೆದಿಡಬೇಕು. ಬರೆದಿಡದವರ ಸೀಸನ್ ಮೂರನೇ ರೌಂಡಿನಲ್ಲೇ ಮುಗಿದದ್ದುಂಟು.

ಈ ಪಟ್ಟಿಯನ್ನು ಎರಡು ಪಾಲು ಮಾಡಿ: ಸಾಮಾನಿನ ರೂಪದಲ್ಲಿ ಬರಬಹುದಾದದ್ದು, ನಗದೇ ಆಗಬೇಕಾದದ್ದು. ಆಯಿಲ್, ಚೈನ್, ಪ್ಯಾಡ್, ಲಿವರ್, ಸೂಟ್, ಹೆಲ್ಮೆಟ್ ಮೊದಲ ಪಾಲಿಗೆ. ಎಂಟ್ರಿ ಫೀ, ಲೈಸೆನ್ಸ್, ವಿಮೆ, ಪೆಟ್ರೋಲ್, ಸಾಗಾಟ, ಟೆಸ್ಟ್ ದಿನದ ಬಾಡಿಗೆ, ಮೆಕ್ಯಾನಿಕ್ಕಿನ ಸಂಬಳ ಎರಡನೆಯದಕ್ಕೆ. ಸಾಮಾನಿನ ಪ್ರಾಯೋಜಕರು ಎಂಟು ಮಂದಿ, ನಗದಿನವರು ಒಬ್ಬರೂ ಇಲ್ಲ ಎಂಬ ಸ್ಥಿತಿ ತೀರಾ ಸಾಮಾನ್ಯ. ಫೇರಿಂಗ್ (ಬೈಕಿನ ಹೊರ ಕವಚ) ತುಂಬಾ ಸ್ಟಿಕ್ಕರ್, ಎಂಟ್ರಿ ಫೀ ಕಟ್ಟಲು ಸಾಲ. ಹಾಗಾಗಿ ಬೈಕಿನ ಅತಿ ಒಳ್ಳೆಯ ಜಾಗವನ್ನು ಮೊದಲು ಬಂದ ಚೈನ್ ಲ್ಯೂಬ್ ಕಂಪನಿಗೆ ಕೊಟ್ಟುಬಿಡಬೇಡಿ. ಶೇಕಡಾ ಇಷ್ಟು ರಿಯಾಯಿತಿ ಮಾತ್ರ ಕೊಡುವವರು ನಿಜಕ್ಕೂ ನಿಮ್ಮನ್ನು ಗಿರಾಕಿ ಮಾಡಿಕೊಂಡಿದ್ದಾರೆ. ಅವರಿಗೆ ಸಣ್ಣ ಜಾಗ ಸಾಕು.

ನಿಯಮ ಪುಸ್ತಕವನ್ನು ಪತ್ರ ಬರೆಯುವ ಮೊದಲೇ ಓದಬೇಕು. ವಿಶ್ವ ಚಾಂಪಿಯನ್‌ಷಿಪ್‌ನ ಅತಿ ಮೇಲಿನ ವರ್ಗ ಮೋಟೋಜಿಪಿ, ಅದರ ಕೆಳಗೆ ಮೋಟೋ2, ಮೋಟೋ3. ಮೋಟೋಜಿಪಿಯಲ್ಲಿ 2016ರಿಂದ 2026ರ ತನಕ ಎಲ್ಲರಿಗೂ ಮಿಶೆಲಿನ್ ಟೈರ್ ಮಾತ್ರ. 2019ರಿಂದ ಮೋಟೋ2ನಲ್ಲಿ ಎಲ್ಲರದೂ ಟ್ರಯಂಫ್‌ನ 765 ಸಿಸಿ ಮೂರು ಸಿಲಿಂಡರ್ ಎಂಜಿನ್, 2024ರಿಂದ ಮೋಟೋ2 ಮತ್ತು ಮೋಟೋ3 ಎರಡಕ್ಕೂ ಪಿರೆಲ್ಲಿ ಟೈರ್. ಕೆಳಗಿನ ಎಷ್ಟೋ ಸರಣಿಗಳಲ್ಲೂ ಇದೇ ಪದ್ಧತಿ. ಒಂದೇ ಕಂಪನಿಯ ಟೈರ್ ಕಡ್ಡಾಯವಾಗಿರುವ ಕಡೆ ಇನ್ನೊಂದು ಟೈರ್ ಕಂಪನಿ ನಿಮಗೆ ಯಾಕೆ ಕೊಟ್ಟೀತು? ಯಾವ ಬಾಗಿಲು ಮುಚ್ಚಿದೆ ಎಂದು ತಿಳಿದರೆ ಒಂದು ತಿಂಗಳ ಪತ್ರ ವ್ಯವಹಾರ ಉಳಿಯುತ್ತದೆ.

ಎಳೆಯರಿಗೆ ಇರುವ ಅತಿ ದೊಡ್ಡ ಪ್ರಾಯೋಜಕತ್ವ ಸ್ಟಿಕ್ಕರಿನ ರೂಪದಲ್ಲಿ ಬರುವುದೇ ಇಲ್ಲ. 2007ರಲ್ಲಿ ಶುರುವಾದ ರೆಡ್ ಬುಲ್ ರೂಕೀಸ್ ಕಪ್‌ನಲ್ಲಿ ಎಲ್ಲರಿಗೂ ಒಂದೇ ತರಹದ ಕೆಟಿಎಂ ಬೈಕ್, ಟೈರ್, ತಾಂತ್ರಿಕ ಸಿಬ್ಬಂದಿಯನ್ನು ಸಂಘಟಕರೇ ಒದಗಿಸುತ್ತಾರೆ. ಮೊದಲ ವರ್ಷದ ಚಾಂಪಿಯನ್ ಜೋಹಾನ್ ಜಾರ್ಕೋ. ಮುಂದೆ ಹೋರ್ಹೆ ಮಾರ್ಟಿನ್, ಪೆದ್ರೋ ಅಕೋಸ್ಟಾ ಇದೇ ದಾರಿಯಲ್ಲಿ ಮೋಟೋಜಿಪಿಗೆ ಬಂದರು. 2014ರಲ್ಲಿ ಶುರುವಾದ ಏಷ್ಯಾ ಟ್ಯಾಲೆಂಟ್ ಕಪ್‌ನಲ್ಲೂ ಎಲ್ಲರಿಗೂ ಒಂದೇ ಮಾದರಿಯ ಹೋಂಡಾ ಬೈಕ್. ಆಯ್ಕೆ ಪರೀಕ್ಷೆಯಲ್ಲಿ ಪಾಸಾಗುವುದು ಹತ್ತು ಸಣ್ಣ ಪ್ರಾಯೋಜಕರನ್ನು ಹಿಡಿಯುವುದಕ್ಕಿಂತ ಬೆಲೆಯುಳ್ಳದ್ದು. 2023ರಿಂದ ವಿಶ್ವ ಚಾಂಪಿಯನ್‌ಷಿಪ್ ಪ್ರವೇಶಕ್ಕೆ ಸಾಮಾನ್ಯವಾಗಿ 18 ತುಂಬಿರಬೇಕು. ಇದು ಸುರಕ್ಷತೆಗೆ ಒಳ್ಳೆಯದೇ. ಆದರೆ ಕಿರಿಯರ ಸರಣಿಗಳಲ್ಲಿ ಕಳೆಯುವ ವರ್ಷಗಳು ಹೆಚ್ಚಿದವು, ಆ ವರ್ಷಗಳ ಖರ್ಚು ಬಹುತೇಕ ಮನೆಯವರ ಮೇಲೇ ಬೀಳುತ್ತದೆ.

ಈಗ ಜಾಗದ ವಿಚಾರ. ಲೋಗೋ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಬೈಕ್ ವಾಲಿದಾಗ ಅದು ಯಾವ ಕಡೆ ಮುಖ ಮಾಡುತ್ತದೆ ಎನ್ನುವುದು ಮುಖ್ಯ. ಛಾಯಾಗ್ರಾಹಕ ತಿರುವಿನ ಒಳಬದಿಯಲ್ಲಿ ನಿಂತರೆ ಅವನಿಗೆ ಸಿಗುವುದು ಹೆಲ್ಮೆಟ್, ಭುಜ, ಮಂಡಿ ಮತ್ತು ಬೈಕಿನ ಮೂತಿ. ಫೇರಿಂಗ್‌ನ ಆ ಪಕ್ಕ ನೆಲದ ಕಡೆ ತಿರುಗಿರುತ್ತದೆ. ಹೊರಬದಿಯಲ್ಲಿ ನಿಂತವನಿಗೆ ಪಕ್ಕದ ಫೇರಿಂಗ್ ಮತ್ತು ಎಂಜಿನ್ ಕೆಳಗಿನ ಬೆಲ್ಲಿ ಪ್ಯಾನ್ ಪೂರ್ತಿ ತೆರೆದುಕೊಳ್ಳುತ್ತವೆ. ಗಡಿಯಾರದ ದಿಕ್ಕಿನಲ್ಲಿ ಓಡುವ ಟ್ರ್ಯಾಕ್‌ನಲ್ಲಿ ಬಲ ತಿರುವುಗಳೇ ಹೆಚ್ಚು, ಅಂದರೆ ಹೊರಗಿನಿಂದ ತೆಗೆದ ಚಿತ್ರಗಳಲ್ಲಿ ಬೈಕಿನ ಎಡ ಪಕ್ಕವೇ ಹೆಚ್ಚು ಕಾಣುತ್ತದೆ. ಎರಡೂ ಪಕ್ಕದಲ್ಲಿ ಒಂದೇ ಲೋಗೋ ಇಡುವುದು ಇದಕ್ಕಾಗಿಯೇ. ಬೈಕಿನ ಬಾಲಕ್ಕೆ ಮುಂದೆ ನೋಡುವ ಕ್ಯಾಮೆರಾ ಕೂರಿಸಿದ್ದರೆ ಸೂಟಿನ ಬೆನ್ನ ಗೂನು ಪರದೆಯ ಅರ್ಧ ತುಂಬುತ್ತದೆ, ಅದೂ ಮಾರಬಹುದಾದ ಜಾಗ. ನಂಬರ್ ಪ್ಲೇಟಿನ ಬಣ್ಣ, ಅಂಕಿಯ ಅಳತೆ, ಸುತ್ತ ಬಿಡಬೇಕಾದ ಖಾಲಿ ಜಾಗ ನಿಯಮದಲ್ಲಿದ್ದಂತೆಯೇ ಇರಬೇಕು. ಲೋಗೋ ಅದರೊಳಗೆ ನುಗ್ಗಿದರೆ ತಪಾಸಣೆಯಲ್ಲಿ ಕಿತ್ತು ತೆಗೆಸುತ್ತಾರೆ, ದುಡ್ಡು ಕೊಟ್ಟವರ ಮುಂದೆ ಮುಖ ತಗ್ಗಿಸಬೇಕಾಗುತ್ತದೆ.

ಬೆಲ್ಲಿ ಪ್ಯಾನ್ ಮೇಲಿನ ಜಾಗ ಮಾರುವಾಗ ಒಂದು ವಿಷಯ ಮುಚ್ಚಿಡಬೇಡಿ: ಅದು ಎಲ್ಲಕ್ಕಿಂತ ಮೊದಲು ಉಜ್ಜಿಹೋಗುವ ಭಾಗ. ಎಂಜಿನ್ ಒಡೆದರೆ ಆಯಿಲ್ ಮತ್ತು ನೀರನ್ನು ಹಿಡಿದಿಡುವುದೇ ಅದರ ಕೆಲಸ, ಹಾಗಾಗಿ ಒಳಗೂ ಹೊರಗೂ ಎಣ್ಣೆ ಅಂಟುತ್ತದೆ. ಸ್ಟಿಕ್ಕರ್ ಏಳುವುದು ಬಹುಪಾಲು ಅಂಟಿಸುವಾಗಿನ ತಪ್ಪಿನಿಂದ. ಫೇರಿಂಗನ್ನು ಮೊದಲು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಬೇಕು. ಪಾಲಿಶ್ ಅಥವಾ ವ್ಯಾಕ್ಸ್ ಒಂದು ಪದರ ಉಳಿದರೂ ಅಂಚು ನಿಲ್ಲುವುದಿಲ್ಲ. ಹೊಸದಾಗಿ ಬಣ್ಣ ಹೊಡೆದಿದ್ದರೆ ಪೂರ್ತಿ ಒಣಗುವ ತನಕ ಕಾಯಬೇಕು. ಇಲ್ಲದಿದ್ದರೆ ಬಣ್ಣದಿಂದ ಹೊರಬರುವ ಆವಿ ಸ್ಟಿಕ್ಕರಿನ ಅಡಿಯಲ್ಲಿ ಗುಳ್ಳೆ ಎಬ್ಬಿಸುತ್ತದೆ. ಬಾಗಿದ ಮೈಗೆ ಕಾಸ್ಟ್ (cast) ವಿನೈಲ್ ಸ್ಟಿಕ್ಕರ್ ಹಾಳೆ ಕೇಳಿ ಪಡೆಯಿರಿ. ಅಗ್ಗದ ಕ್ಯಾಲೆಂಡರ್ಡ್ ವಿನೈಲ್ ಎಳೆದಾಗ ಹಿಗ್ಗಿ, ಬಿಸಿಲಿಗೆ ಮತ್ತೆ ಕುಗ್ಗಿ ಅಂಚು ಬಿಡುತ್ತದೆ. ಅಂಟಿಸಿದ ಮೇಲೆ ಹೀಟ್ ಗನ್‌ನಲ್ಲಿ ಅಂಚು ಬಿಸಿ ಮಾಡಿ ಬೆರಳಿನಿಂದ ಒತ್ತಿ. ಪೆಟ್ರೋಲ್ ಮುಚ್ಚಳದ ಸುತ್ತ ಲ್ಯಾಮಿನೇಷನ್ ಇಲ್ಲದ ಪ್ರಿಂಟ್ ಬೇಡ, ಒಂದು ಹನಿ ಪೆಟ್ರೋಲ್ ಸಾಕು ಶಾಯಿ ಹರಡಲು. ಬ್ರೇಕ್ ಕ್ಲೀನರ್ ಸಿಂಪಡಿಸುವಾಗ ಮುಂದಿನ ಮಡ್‌ಗಾರ್ಡ್ ಮೇಲಿನ ಲೋಗೋಗೆ ಬಟ್ಟೆ ಮುಚ್ಚಿ. ಪ್ರತಿ ಲೋಗೋವಿನ ಎರಡು ಹೆಚ್ಚುವರಿ ಸೆಟ್ ಪೆಟ್ಟಿಗೆಯಲ್ಲಿರಲಿ. ಶನಿವಾರ ಬಿದ್ದ ಬೈಕ್ ಭಾನುವಾರ ಬಿಳಿ ಫೇರಿಂಗ್‌ನಲ್ಲಿ ಓಡಿದರೆ ಪ್ರಾಯೋಜಕರ ಪಾಲಿಗೆ ಆ ರೇಸ್ ನಡೆಯಲೇ ಇಲ್ಲ. ಲೋಗೋವನ್ನು ಅವರಿಂದ ವೆಕ್ಟರ್ ಫೈಲಿನಲ್ಲೇ ತರಿಸಿಕೊಳ್ಳಿ. ವೆಬ್‌ಸೈಟಿನಿಂದ ಇಳಿಸಿದ ಚಿತ್ರವನ್ನು ಹಿಗ್ಗಿಸಿದರೆ ಅಂಚು ಮಸುಕಾಗುತ್ತದೆ.

ಸೂಟ್ ಮತ್ತು ಹೆಲ್ಮೆಟ್‌ಗೆ ಇನ್ನೂ ಎಚ್ಚರ ಬೇಕು. ಮೋಟೋಜಿಪಿಯಲ್ಲಿ 2018ರಿಂದ ಸೂಟಿನೊಳಗೆ ಏರ್‌ಬ್ಯಾಗ್ ಕಡ್ಡಾಯ, ಈಗ ಕೆಳಗಿನ ಸರಣಿಗಳಿಗೂ ಅದು ಹರಡಿದೆ. ಬ್ಯಾಗ್ ಉಬ್ಬುವ ಭುಜ, ಎದೆ, ಕಾಲರಿನ ಮೇಲೆ ಬೀದಿಯ ಟೈಲರ್ ಕೈಯಲ್ಲಿ ಪ್ಯಾಚ್ ಹೊಲಿಸಿದರೆ ಸೂಜಿ ಬ್ಯಾಗನ್ನೇ ಚುಚ್ಚಬಹುದು, ಅಥವಾ ಹಿಗ್ಗಬೇಕಾದ ಜಾಗ ಬಿಗಿದುಕೊಳ್ಳಬಹುದು. ಸೂಟ್ ತಯಾರಕರಿಗೆ ಲೋಗೋ ಪಟ್ಟಿಯನ್ನು ಅಳತೆ ಕೊಡುವಾಗಲೇ ಕೊಡಬೇಕು. ಪ್ರಾಯೋಜಕರ ಒಪ್ಪಂದ ತಡವಾದರೆ ಸೂಟೂ ತಡವಾಗುತ್ತದೆ. ಹೆಲ್ಮೆಟ್‌ಗೆ ಬಣ್ಣ, ಸ್ಟಿಕ್ಕರ್ ಹಾಕುವ ಮೊದಲು ತಯಾರಕರನ್ನು ಕೇಳಿ, ಕೆಲವು ದ್ರಾವಕಗಳು ಶೆಲ್ಲನ್ನು ದುರ್ಬಲಗೊಳಿಸುತ್ತವೆ.

ಒಪ್ಪಂದದಲ್ಲಿ ಜಗಳ ಹುಟ್ಟುವುದು ‘ಒಂದು ವರ್ಗಕ್ಕೆ ಒಬ್ಬರೇ’ ಎಂಬ ಷರತ್ತಿನಲ್ಲಿ. ನಿಮ್ಮ ಸ್ವಂತ ಪ್ರಾಯೋಜಕರು ಒಂದು ಎನರ್ಜಿ ಡ್ರಿಂಕ್, ತಂಡದ್ದು ಇನ್ನೊಂದು ಎನರ್ಜಿ ಡ್ರಿಂಕ್ ಆದರೆ ಯಾರೋ ಒಬ್ಬರು ಹೋಗಲೇಬೇಕು. ಸಾಮಾನ್ಯ ರೂಢಿಯಲ್ಲಿ ಬೈಕ್ ಮತ್ತು ಸೂಟಿನ ಹೆಚ್ಚಿನ ಭಾಗ ತಂಡದ್ದು. ಹೆಲ್ಮೆಟ್, ಗ್ಲೌಸ್, ಬೂಟ್, ಟೋಪಿ, ಸೂಟಿನ ಒಂದೆರಡು ಚೌಕ ರೈಡರ್‌ನದು. ಆ ಚೌಕಗಳನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಚಿತ್ರ ಬರೆದು ಸಹಿ ಹಾಕಿಸಿಕೊಳ್ಳಿ. ಗಾಯದ ಷರತ್ತನ್ನು ಮೊದಲೇ ಕೇಳಿ: ಕಾಲರ್‌ಬೋನ್ ಮುರಿದು ಎರಡು ರೌಂಡ್ ತಪ್ಪಿದರೆ ಹಣ ನಿಲ್ಲುತ್ತದೆಯೇ, ಬದಲಿ ರೈಡರ್‌ನ ಬೈಕಿನ ಮೇಲೆ ಲೋಗೋ ಉಳಿಯುತ್ತದೆಯೇ? ಹಣದ ಮೊದಲ ಕಂತು ಸೀಸನ್ ಶುರುವಾಗುವ ಮೊದಲೇ ಬರುವಂತಿರಲಿ, ಯಾಕೆಂದರೆ ಟೆಸ್ಟ್, ಟೈರ್, ಎಂಜಿನ್ ಕೆಲಸದ ಖರ್ಚು ಆಗಲೇ ಬರುತ್ತದೆ. ಫಲಿತಾಂಶದ ಬೋನಸ್ ಕೊಡುವವರು ಲೋಗೋ ಕಾಣುವ ಚಿತ್ರ, ಅಧಿಕೃತ ಫಲಿತಾಂಶ ಪಟ್ಟಿ, ಅರ್ಜಿಯ ಗಡುವು ಕೇಳುತ್ತಾರೆ. ಗೆದ್ದೂ ಅರ್ಜಿ ಹಾಕದೆ ಬೋನಸ್ ಕಳೆದುಕೊಳ್ಳುವುದು ಹೊಟ್ಟೆ ಉರಿಸುವ ಸಂಗತಿ.

ಎಲ್ಲಾ ಮೊಟ್ಟೆಗಳನ್ನು ಒಬ್ಬರ ಕೈಯಲ್ಲಿಡುವ ಅಪಾಯಕ್ಕೆ ದೊಡ್ಡವರ ಲೋಕದಲ್ಲೇ ಸಾಕ್ಷಿಗಳಿವೆ. ದಶಕಗಳ ಕಾಲ ಈ ಕ್ರೀಡೆಯನ್ನು ಸಾಕಿದ್ದು ಸಿಗರೇಟ್ ಕಂಪನಿಗಳು: ಮಾರ್ಲ್‌ಬೊರೊ, ರಾಥ್‌ಮನ್ಸ್, ಲಕ್ಕಿ ಸ್ಟ್ರೈಕ್. 2005ರ ಜುಲೈ ಕೊನೆಯಲ್ಲಿ ಯುರೋಪಿಯನ್ ಒಕ್ಕೂಟದ ಜಾಹೀರಾತು ನಿಷೇಧ ಬಂದ ಮೇಲೆ ಆ ಹಣ ಬತ್ತತೊಡಗಿತು. ಸುಜುಕಿ 2026ರ ತನಕ ಇರುವುದಾಗಿ ಒಪ್ಪಿಕೊಂಡಿದ್ದೂ 2022ರ ಕೊನೆಗೆ ಮೋಟೋಜಿಪಿ ಬಿಟ್ಟಿತು. 2020ರಲ್ಲಿ ಅದಕ್ಕೆ ಚಾಂಪಿಯನ್ ಪಟ್ಟ ತಂದಿದ್ದ ಜೋನ್ ಮಿರ್ ಹೊಸ ಜಾಗ ಹುಡುಕಬೇಕಾಯಿತು. 1995ರಿಂದ ಹೋಂಡಾ ಜೊತೆಗಿದ್ದ ಸ್ಪೇನಿನ ತೈಲ ಕಂಪನಿ ರೆಪ್ಸಾಲ್ 2024ರ ಸೀಸನ್ ಮುಗಿಸಿ ಹೊರಟಿತು. ಚಾಂಪಿಯನ್ನರಿಗೇ ಹೀಗಾಗುವಾಗ ಸಣ್ಣ ಸರಣಿಯ ರೈಡರ್ ಒಬ್ಬ ಪ್ರಾಯೋಜಕರ ಮೇಲೆ ಅರ್ಧಕ್ಕಿಂತ ಹೆಚ್ಚು ಬಜೆಟ್ ನಿಲ್ಲಿಸಬಾರದು.

ಒಮ್ಮೆ ಬಂದ ಪ್ರಾಯೋಜಕರು ಎರಡನೇ ವರ್ಷ ಉಳಿಯುವುದು ವರದಿಯಿಂದ. ರೇಸ್ ಮುಗಿದ ಎರಡು ದಿನದೊಳಗೆ ಒಂದು ಪುಟ ಕಳಿಸಿ: ಕ್ವಾಲಿಫೈಯಿಂಗ್ ಸ್ಥಾನ, ರೇಸ್ ಸ್ಥಾನ, ಅತಿ ವೇಗದ ಲ್ಯಾಪ್, ಏನು ತಪ್ಪಿತು, ಮುಂದಿನ ರೌಂಡ್ ಯಾವಾಗ. ಸೋತ ವಾರವೂ ಕಳಿಸಿ, ಆ ವಾರ ಕಳಿಸಿದ್ದೇ ಅವರಿಗೆ ನೆನಪಿರುತ್ತದೆ. ಜೊತೆಗೆ ನಾಲ್ಕೈದು ಚಿತ್ರ. ಶಟರ್ ವೇಗ 1/200 ಸೆಕೆಂಡಿನ ಆಸುಪಾಸಿನಲ್ಲಿಟ್ಟು ಬೈಕಿನ ಜೊತೆ ಕ್ಯಾಮೆರಾ ತಿರುಗಿಸಿದರೆ ಚಕ್ರ ತಿರುಗುವುದೂ ಕಾಣುತ್ತದೆ, ಲೋಗೋನೂ ಓದಲು ಬರುತ್ತದೆ. 1/2000ಕ್ಕೆ ಏರಿಸಿದರೆ ಬೈಕ್ ನಿಂತುಬಿಟ್ಟಂತೆ ಕಾಣುತ್ತದೆ. ಆಯಿಲ್ ಅಥವಾ ಪ್ಯಾಡ್ ಕಂಪನಿಯವರಿಗೆ ಚಿತ್ರಕ್ಕಿಂತ ಬೆಲೆಯುಳ್ಳದ್ದು ಮಾಹಿತಿ: ಎಷ್ಟು ಲ್ಯಾಪ್, ಎಷ್ಟು ಡಿಗ್ರಿ ತಾಪ, ಪ್ಯಾಡ್ ಎಷ್ಟು ಮಿಲಿಮೀಟರ್ ಸವೆಯಿತು. ಅದನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ರೈಡರ್ ಅವರ ಪಾಲಿಗೆ ಪರೀಕ್ಷಾ ಶಾಲೆ.

ಸೀಸನ್ ಮುಗಿದ ಮೇಲೆ ಉಜ್ಜಿಹೋದ ಪಕ್ಕದ ಫೇರಿಂಗನ್ನು ಎಸೆಯಬೇಡಿ. ಒಡೆದ ಅಂಚಿನ ಗಾಜಿನ ನಾರು ಚುಚ್ಚದಂತೆ ಮರಳುಕಾಗದದಲ್ಲಿ ತಿಕ್ಕಿ, ಎಣ್ಣೆ ತೊಳೆದು, ಗೀರುಗಳನ್ನು ಹಾಗೇ ಬಿಟ್ಟು, ಸಹಿ ಹಾಕಿ, ಅದರ ಮೇಲೆ ಯಾರ ಹೆಸರಿದೆಯೋ ಅವರ ಕಚೇರಿಗೆ ನೀವೇ ಒಯ್ದು ಕೊಡಿ. ಮುಂದಿನ ವರ್ಷದ ಒಂದು ಪುಟದ ಪತ್ರವೂ ಆ ದಿನ ಕೈಯಲ್ಲಿರಲಿ.