ಸಿಪಾಯಿ ಅಂಗಿ ಕೆಂಪಿತ್ತಂತ ನಿಮಗ ಹ್ಯಾಂಗ ಗೊತ್ತು?

ನಾನು ಬಹಮನಿ ಕಾಲದ ಸೈನಿಕರ ಪುಟ್ಟ ಮಾಡೆಲ್‌ಗಳನ್ನು ಕಟ್ಟಿ ಬಣ್ಣ ಹಚ್ಚುತ್ತೇನೆ. ಕಲಬುರಗಿಯ ನಮ್ಮ ಮನೆಗೆ ಬಂದವರು ಕಪಾಟಿನ ಮುಂದೆ ನಿಂತು ಕೇಳೋದು ಒಂದೇ: "ಸರ, ಈ ಸಿಪಾಯಿ ಅಂಗಿ ಕೆಂಪನೇ ಇತ್ತಂತ ನಿಮಗ ಹ್ಯಾಂಗ ಗೊತ್ತು?"

ಗೊತ್ತಿಲ್ಲ. ಎಲ್ಲರಿಗೂ ಒಂದೇ ಬಣ್ಣದ ಯೂನಿಫಾರ್ಮ್ ಕೊಡುವ ಪದ್ಧತಿ ಆಗ ಇರಲಿಲ್ಲ, ಯುರೋಪಿನಲ್ಲೂ ಅದು ಚಾಲ್ತಿಗೆ ಬಂದದ್ದು 17ನೇ ಶತಮಾನದಲ್ಲಿ. ಬಹಮನಿ ರಾಜ್ಯ ಶುರುವಾದದ್ದು 1347ರಲ್ಲಿ. ನಾವು ನೋಡಿ ಖುಷಿಪಡುವ ದಖನಿ ಚಿತ್ರಗಳು, ಬಿಜಾಪುರದ್ದು, ಅಹ್ಮದ್‌ನಗರದ್ದು, ಆ ರಾಜ್ಯ ಒಡೆದುಹೋದ ಮೇಲಿನವು.

ಹಾಗಾಗಿ ನಾನು ಉಲ್ಟಾ ಹೋಗುತ್ತೇನೆ. ಆಗ ಇರೋಕೆ ಸಾಧ್ಯವೇ ಇಲ್ಲದ್ದನ್ನು ಮೊದಲು ತೆಗೆದುಹಾಕುತ್ತೇನೆ. ಕೆಮಿಕಲ್ ಬಣ್ಣದ ಬಟ್ಟೆ ಜಗತ್ತಿಗೆ ಬಂದದ್ದೇ 1856ರ ನಂತರ, ಅಂದರೆ ಕಣ್ಣು ಕುಕ್ಕುವ ನೇರಳೆ, ರಾಣಿ ಪಿಂಕ್ ಎಲ್ಲ ಕಟ್. ಉಳಿದದ್ದು ನೀಲಿ ಗಿಡದ ನೀಲಿ, ಬೇರಿನಿಂದ ತೆಗೆದ ಕೆಂಪು, ಅರಿಶಿನ ಮತ್ತು ದಾಳಿಂಬೆ ಸಿಪ್ಪೆಯ ಹಳದಿ, ಜೊತೆಗೆ ಬಣ್ಣವೇ ಹಾಕದ ಹತ್ತಿ ಬಟ್ಟೆ. ನನ್ನ ಸಿಪಾಯಿಯ ಕೆಂಪು ಇಲ್ಲಿಂದ ಬಂದದ್ದು. ಬಾಟಲಿಯ ಕೆಂಪನ್ನು ಹಾಗೇ ಹಚ್ಚಲ್ಲ, ಸ್ವಲ್ಪ ಕಂದು, ಸ್ವಲ್ಪ ಬಿಳಿ ಬೆರೆಸುತ್ತೇನೆ. 54 ಮಿಲಿಮೀಟರ್ ಎತ್ತರದ ಮನುಷ್ಯನ ಅಂಗಿಯ ಮಡಿಕೆಯಲ್ಲಿ ನಿಜವಾದ ನೆರಳು ಬೀಳೋದು ಕಡಿಮೆ, ಅದನ್ನೂ ಬ್ರಷ್‌ನಲ್ಲೇ ಬರೆಯಬೇಕು. ನಮ್ಮ ಮೇ ತಿಂಗಳಲ್ಲಿ ಅಕ್ರಿಲಿಕ್ ಬಣ್ಣ ಬ್ರಷ್ ತುದಿಯಲ್ಲೇ ಒಣಗುತ್ತದೆ, ಆ ಕಾಲದಲ್ಲಿ ಸುಮ್ನೆ ಕೂತು ಓದೋದೇ ಒಳ್ಳೆಯದು.

ನಿಜ ಹೇಳಬೇಕೆಂದರೆ ಅಂಗಿಗಿಂತ ಕುದುರೆ ಬಗ್ಗೆ ಕೇಳಬೇಕಿತ್ತು. ಬಹಮನಿ ಸವಾರ ಅಂತ ಬರೆದ ಕಿಟ್, ಅಂದರೆ ಮಾಡೆಲ್ ಜೋಡಿಸುವ ಬಿಡಿ ಭಾಗಗಳ ಡಬ್ಬಿ, ನನ್ನ ಕಣ್ಣಿಗೆ ಬಿದ್ದಿಲ್ಲ. ತುರ್ಕಿ, ಇರಾನಿ ಸವಾರರ ಕಿಟ್ ತರಿಸಿ, ಕೈ ಕತ್ತರಿಸಿ, ಎಂ-ಸೀಲ್‌ನಲ್ಲಿ ಪೇಟ ಕಟ್ಟಿ ನಮ್ಮವನನ್ನಾಗಿ ಮಾಡಬೇಕು. ಯುರೋಪಿನ ನೈಟ್‌ಗಳ (ಕವಚ ತೊಟ್ಟ ಕುದುರೆ ಸವಾರರ) ಕಿಟ್‌ನಲ್ಲಿ ಬರುವ ದಪ್ಪ ಕುದುರೆಯನ್ನು ಮಾತ್ರ ಇಲ್ಲಿ ನಿಲ್ಲಿಸಬಾರದು. ಇಲ್ಲಿಗೆ ಒಳ್ಳೆಯ ಕುದುರೆ ಬರುತ್ತಿದ್ದದ್ದು ಸಮುದ್ರದ ಮೇಲೆ, ಅರಬ್ ಮತ್ತು ಇರಾನ್ ಕಡೆಯಿಂದ. 1470ರ ಆಸುಪಾಸು ಬೀದರ್‌ಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಕೂಡ ಹಡಗಿನಲ್ಲಿ ಒಂದು ಕುದುರೆ ತಂದಿದ್ದ, ಮಾರೋಕೆ.

ಇದೇ ನಿಕಿಟಿನ್ ಬಹಮನಿ ಸುಲ್ತಾನನ ಸೈನ್ಯದ ಬಗ್ಗೆ ಬರೆದಿಟ್ಟಿದ್ದಾನೆ. ಕಾಲಾಳುಗಳು ಮೈಮೇಲೆ ಬಟ್ಟೆಯಿಲ್ಲದೆ, ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕತ್ತಿ ಹಿಡಿದು ನಡೆಯುತ್ತಿದ್ದರಂತೆ. ಅಂದರೆ ಅವನ ಲೆಕ್ಕದಲ್ಲಿ ಎಷ್ಟೋ ಸಿಪಾಯಿಗಳಿಗೆ ಅಂಗಿಯೇ ಇರಲಿಲ್ಲ! ಅದಕ್ಕೇ ನನ್ನ ಕಪಾಟಿನಲ್ಲಿ ಬರೀ ಮೈಯವರು ಜಾಸ್ತಿ. ಚರ್ಮಕ್ಕೆ ಬಣ್ಣ ಹಚ್ಚೋದು ಅಂಗಿಗಿಂತ ಕಷ್ಟ, ಅದನ್ನು ಯಾರೂ ಕೇಳಲ್ಲ.

ಆನೆ ವಿಷಯದಲ್ಲಿ ಮಾತ್ರ ನನಗೂ ಅವನಿಗೂ ಜಗಳ. ಉಕ್ಕಿನ ಕವಚ ಸರಿ, ದಂತಕ್ಕೆ ಕಟ್ಟಿದ ಕತ್ತಿಯೂ ಸರಿ. ಆದರೆ ಆನೆ ಮೇಲಿನ ಗೋಪುರದಲ್ಲಿ ಆಯುಧ ಹಿಡಿದ 12 ಜನ ಅನ್ನುತ್ತಾನೆ. 3 ಮೀಟರ್ ಎತ್ತರದ ಆನೆಯನ್ನು ನನ್ನ ಸಿಪಾಯಿಗಳ 1/32 ಅಳತೆಗೆ ಇಳಿಸಿದರೆ ಸುಮಾರು 94 ಮಿಲಿಮೀಟರ್ ಆಗುತ್ತದೆ, ಅದರ ಬೆನ್ನ ಮೇಲೆ ಕವಚ ತೊಟ್ಟ ಅಷ್ಟು ಜನರನ್ನು ಎಲ್ಲಿ ಕೂರಿಸೋದು? ಬಿಲ್ಲು ಎಳೆಯೋಕೆ ಮೊಣಕೈಗೆ ಜಾಗ ಬೇಡವಾ? ನಾನು 4 ಜನರನ್ನು ಕೂರಿಸಿದ್ದೇನೆ, ಅವರೇ ಒಬ್ಬರ ಮೇಲೊಬ್ಬರು ಬೀಳುವ ಹಾಗಿದ್ದಾರೆ.