ಅಂಚಿನಲ್ಲಿ ಬರೆದದ್ದು

ಹೋದ ತಿಂಗಳು ಪೋಸ್ಟ್ ಆಫೀಸಿಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಡ್ರಾಯರ್‌ಗಳನ್ನೆಲ್ಲ ಹುಡುಕಿ, ಬಣ್ಣ ಮಾಸಿದ್ದೊಂದನ್ನು ತೆಗೆದಳು. ಬೆಲೆ ಈಗಲೂ 2 ರೂಪಾಯಿ 50 ಪೈಸೆ! ಚಿಲ್ಲರೆ ಸಮಸ್ಯೆ ಬೇಡ ಅಂತ ಎರಡು ತಗೊಂಡೆ.

ಮನೆಗೆ ಬಂದು ಪೆನ್ನು ಹಿಡಿದರೆ ಮೊದಲ ಸಾಲೇ ಬರಲಿಲ್ಲ. ಅಜ್ಜನಿಗೆ ಈ ಕಷ್ಟ ಇರಲಿಲ್ಲ. ಮೇಲೆ 'ಶ್ರೀ', ಬಲಗಡೆ ಊರು, ತಾರೀಕು, ಆಮೇಲೆ 'ಉಭಯ ಕುಶಲೋಪರಿ ಸಾಂಪ್ರತ'. ಮನೆಯಲ್ಲಿ ಇಬ್ಬರು ಜ್ವರ ಬಂದು ಮಲಗಿದ್ದರೂ ಮೊದಲ ಸಾಲಿನಲ್ಲಿ ಎಲ್ಲರೂ ಕುಶಲವೇ.

ಅಮ್ಮನ ಕಾಗದ ಬೇರೆ ಥರ. ನಾನು ಬೆಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಸಾಗರದ ಕಡೆಯಿಂದ ಹದಿನೈದು ದಿನಕ್ಕೊಂದು ಬರುತ್ತಿತ್ತು. ನಡುವೆಲ್ಲ ಅಡಿಕೆ ಕೊಯ್ಲು, ಮಳೆ, ಹಸು ಕರು ಹಾಕಿದ್ದು. ಜಾಗ ಮುಗಿದ ಮೇಲೆ ಅಂಟಿಸುವ ಮಡಿಕೆಯಲ್ಲಿ, ಪಕ್ಕದ ಅಂಚಿನಲ್ಲಿ, ಕಾಗದ ತಿರುಗಿಸಿ ಓದಬೇಕಾದ ಕಡೆ ಸಣ್ಣ ಅಕ್ಷರದಲ್ಲಿ ನಿಜವಾದ ಸುದ್ದಿ ಇರುತ್ತಿತ್ತು: 'ಅಪ್ಪಂಗೆ ಮೊನ್ನೆ ಎದೆನೋವು ಬಂದಿತ್ತು, ಈಗ ಅಡ್ಡಿಯಿಲ್ಲ, ನಾನು ಬರೆದೆ ಅಂತ ಹೇಳಬೇಡ.' ಅವಸರದಲ್ಲಿ ಹರಿದು ಬಿಚ್ಚಿದರೆ ಅದೇ ಸಾಲು ಹರಿದು ಹೋಗುತ್ತಿತ್ತು. ಅದಕ್ಕೇ ನಾನು ಬ್ಲೇಡ್ ಇಟ್ಟುಕೊಂಡಿದ್ದೆ.

ಇಮೇಲಿಗೆ ಎಲ್ಲರೂ ಬೈಯುತ್ತಾರೆ. ನಮ್ಮ ಮನೆಯಲ್ಲಿ ಕಾಗದ ನಿಂತಿದ್ದು ಎಸ್‌ಟಿಡಿ ಬೂತಿನಿಂದ, ರಾತ್ರಿ ಕಮ್ಮಿ ರೇಟಿಗೆ ಅಂತ ಕ್ಯೂ ನಿಲ್ಲುತ್ತಿದ್ದ ಕಾಲದಲ್ಲೇ. ಇಮೇಲ್ ಬರುವ ಹೊತ್ತಿಗೆ ಬರೆಯುವ ಕೈಯೇ ತಪ್ಪಿಹೋಗಿತ್ತು. ಟೆಲಿಗ್ರಾಂ 2013ರ ಜುಲೈನಲ್ಲಿ ನಿಂತಿತು. ಡೆನ್ಮಾರ್ಕಿನ ಸರ್ಕಾರಿ ಅಂಚೆಯಂತೂ 2025ರ ಕೊನೆಗೆ ಮನೆಮನೆಗೆ ಕಾಗದ ಹಂಚುವುದನ್ನೇ ಬಿಟ್ಟಿತು. ನನಗೆ ಇಮೇಲ್ ಮೇಲಿರುವ ತಕರಾರು ಒಂದೇ, ಅದರಲ್ಲಿ ಜಾಗ ಮುಗಿಯುವುದೇ ಇಲ್ಲ. ಜಾಗ ಮುಗಿಯದಿದ್ದರೆ ಅಂಚು ಎಲ್ಲಿಂದ ಬರಬೇಕು, ಅಲ್ವಾ?

ಅಂತೂ ಸುಮ್ನೆ ಏನೇನೋ ಬರೆದು, ಎರಡು ಕಡೆ ಹೊಡೆದು ಹಾಕಿ, ಅಂಟಿಸಿ ಡಬ್ಬಿಗೆ ಹಾಕಿದೆ. ಆರನೇ ದಿನಕ್ಕೆ ಅಮ್ಮನ ಫೋನು.

"ಎಂತ ಆಯ್ತೋ? ಕಾಗದ ಯಾಕೆ ಬರೆದೆ?"

ಏನಿಲ್ಲಮ್ಮ, ಹೀಗೇ ಅಂದೆ. ಆಚೆ ಕಡೆ ಕಾಗದ ತಿರುಗಿಸುವ ಸದ್ದು ಕೇಳಿಸಿತು.

"ಹೌದು, ಅಂಚಲ್ಲಿ ಎಂತದೂ ಬರೆದಿಲ್ಲ. ಹಂಗಾದ್ರೆ ಅಡ್ಡಿಯಿಲ್ಲ ಬಿಡು."